ಲಾಡ್ಜಿನಲ್ಲಿ ಎರಡು ರಾತ್ರಿ

ಕಣಕುಂಬಿಯ ಅರಣ್ಯ ನಾಕಾದಲ್ಲಿ ರಸ್ತೆಗೆ ಅಡ್ಡ ಹಾಕಿದ ಬಿದಿರಿನ ಗಳ ಎತ್ತುವುದು, ಇಳಿಸುವುದು ಕರೆಪ್ಪನ ನೌಕರಿ. ಅವನ ಅಪ್ಪ, ಅಜ್ಜ ಎಲ್ಲರೂ ಕೋಲು ಹಿಡಿದು ಕುರಿಯ ಹಿಂದೆ ಊರೂರು ತಿರುಗಿದವರು. ಇವನ ಕೈಗೆ ಸರಕಾರ ಇನ್ನೂ ಉದ್ದನೆಯ ಕೋಲು ಕೊಟ್ಟು ಒಂದೇ ಕಡೆ ನಿಲ್ಲಿಸಿತು. ಕುರಿಗೆ ಬೈದರೆ ಕೇಳುತ್ತದೆ, ಲಾರಿಯವರು ಕೇಳುವುದಿಲ್ಲ, ಅಷ್ಟೇ ಫರಕು ಎಂದು ಅವನೇ ಹೇಳಿಕೊಂಡು ನಗುತ್ತಿದ್ದ. ಪಗಾರ ಸಣ್ಣದಾದರೂ ತಿಂಗಳಿಗೆ ತಪ್ಪದೆ ಬರುತ್ತಿತ್ತು. ಹಿಂದೆ ನಾಲ್ಕು ಆಡು, ಒಂದು ಹಲಸಿನ ಮರ, ಮುಂದೆ ಜಗಲಿ ಇದ್ದ ಮನೆ. ಯಾರ ಹಂಗೂ ಇಲ್ಲದ ಬದುಕು.

ಬೇಸಿಗೆ ರಜೆ ಬಂತೆಂದರೆ ನಾಕಾದಲ್ಲಿ ಕಾರುಗಳ ಸಾಲು. ಬೆಳಗಾವಿ, ಹುಬ್ಬಳ್ಳಿ ಕಡೆಯವರು ಹೆಂಡತಿ ಮಕ್ಕಳನ್ನು ತುಂಬಿಕೊಂಡು ಗೋವಾಕ್ಕೆ ಹೋಗುವವರು. ಆ ವರ್ಷ ಮೇ ತಿಂಗಳಲ್ಲಿ ಒಂದು ದಿನ ಕರೆಪ್ಪನ ಮಕ್ಕಳು ಅವನಿಗೆ ಬುತ್ತಿ ತಂದಿದ್ದರು. ನಾಲ್ಕನೇ ಇಯತ್ತೆ ಮುಗಿಸಿದ ಅಮರ, ಒಂದು ಕಾರಿನೊಳಗೆ ಬಣ್ಣದ ಟೋಪಿ ಹಾಕಿಕೊಂಡು ಕುಳಿತ ತನ್ನದೇ ಓರಿಗೆಯ ಹುಡುಗನನ್ನು ಕಣ್ಣು ಬಿಟ್ಟು ನೋಡಿದ.

"ಅಪ್ಪಾ, ಗೋವಾದಾಗ ಯಾರ ಮದವಿ ಐತಿ?"

"ಯಾರದೂ ಇಲ್ಲೋ."

"ಮತ್ತ ಯಾರರ ಸತ್ತಾರೇನ?"

"ಏ, ಬಿಡ್ತು ಅನ್ನ! ಅವರು ಸುಮ್ನ ಹೊಂಟಾರ. ತಿರಗ್ಯಾಡಾಕ."

"ಸುಮ್ನ?" ಎಂದು ಅಮರ ಬಾಯಿ ಬಿಟ್ಟ. ಅವನು ಬಾಯಿ ಬಿಟ್ಟಿದ್ದರಲ್ಲಿ ತಪ್ಪೇನಿಲ್ಲ. ಆ ಮನೆಯಲ್ಲಿ ಯಾರೂ ಕಾರಣವಿಲ್ಲದೆ ಬಸ್ಸು ಹತ್ತಿದವರಲ್ಲ. ಮದುವೆ, ತೊಟ್ಟಿಲು, ದಿನಕರ್ಮ, ದವಾಖಾನೆ, ಇಷ್ಟರಲ್ಲಿ ಒಂದಿರಬೇಕು. ಸುಮ್ಮನೆ ಊರು ತಿರುಗುವವರೆಂದರೆ ಹುಚ್ಚರು, ಇಲ್ಲವೇ ಹಗ್ಗ ಕಿತ್ತ ಎಮ್ಮೆಗಳು.

"ನಾವೂ ಒಮ್ಮೆ ಸುಮ್ನ ಹೋಗೂಣೇನಪ್ಪಾ?" ಎಂದು ಕೇಳಿದವಳು ಹಿರಿಯವಳು ಪ್ರಮಿಳಾ. ಏಳನೇ ಇಯತ್ತೆ ಮುಗಿದಿತ್ತು. ಜೂನಿನಲ್ಲಿ ಖಾನಾಪುರದ ಹಾಸ್ಟೆಲ್ಲಿಗೆ ಹೋಗುವವಳು. ಕೇಳುವ ಮಗಳಲ್ಲ ಅವಳು, ಎಂದೂ ಒಂದು ರಿಬ್ಬನ್ನು ಬೇಕೆಂದು ಹಟ ಹಿಡಿದವಳಲ್ಲ. ಗಳ ಎತ್ತಿ ಹಿಡಿದಿದ್ದ ಕರೆಪ್ಪನಿಗೆ, ಇನ್ನು ಒಂದು ತಿಂಗಳು ಕಳೆದರೆ ಈಕೆ ಬುತ್ತಿ ತರುವುದಿಲ್ಲ ಎಂಬುದು ಆ ಕ್ಷಣ ಎದೆಗೆ ನಾಟಿತು.

"ಹೋಗೂಣು," ಎಂದುಬಿಟ್ಟ.

ಎಲ್ಲಿಗೆ ಎಂಬುದು ಆಮೇಲಿನ ಮಾತು. ಗೋವಾದ ಸಮುದ್ರಕ್ಕೆ ಅವನ ಹೆಂಡತಿ ಮಾಯಕ್ಕ ಹೆದರಿದಳು. ಮುಂಬಯಿಗೆ ಕರೆಪ್ಪನೇ ಹೆದರಿದ. ಉಳಿದದ್ದು ಬೆಳಗಾವಿ. ನಗಬೇಡಿ. ಅವರು ಬೆಳಗಾವಿಗೆ ಹೋಗಿದ್ದರು, ಬೆಳಗಾವಿ ನೋಡಿರಲಿಲ್ಲ. ಬಸ್ಸು ಇಳಿದರೆ ಸೀದಾ ಖಾಸಬಾಗದಲ್ಲಿ ಮಾಯಕ್ಕನ ಅಣ್ಣನ ಮನೆ, ಅಲ್ಲಿಂದ ದವಾಖಾನೆಯೋ ಮದುವೆಯೋ, ಮತ್ತೆ ಬಸ್ಸು. ನಡುವಿನ ಊರನ್ನು ಮಕ್ಕಳು ರಿಕ್ಷಾದ ಪರದೆ ಸರಿಸಿ ನೋಡಿದಷ್ಟೇ.

ಈ ಸಲ ಹಾಗಲ್ಲ ಎಂದು ಕರೆಪ್ಪ ಠರಾಯಿಸಿದ. ಹಿಂದೊಮ್ಮೆ ಸಾಹೇಬರ ಪೆಟ್ಟಿಗೆ ಹೊತ್ತುಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರದ ಲಾಡ್ಜಿಗೆ ಹೋಗಿದ್ದ. ಅಲ್ಲಿ ಮೇಲೆ ಹೋಗಲು ಲಿಫ್ಟು. ಕೋಣೆಯಲ್ಲಿ ಬಿಳಿ ಚಾದರ. ಗೋಡೆಯ ಗುಂಡಿ ಒತ್ತಿದರೆ ಹುಡುಗ ಚಹಾ ತಂದುಕೊಡುತ್ತಾನೆ. ಇದನ್ನು ಮನೆಯಲ್ಲಿ ಹೇಳಿದ್ದೇ ತಡ, ಬೆಳಗಾವಿಯ ಕೋಟೆ, ಕೆರೆ ಎಲ್ಲ ಹಿಂದೆ ಸರಿದು ಲಾಡ್ಜೊಂದೇ ಉಳಿಯಿತು. ಅಮರ ಮನೆಯ ಗೋಡೆಯ ಮೇಲೆ ಎಲ್ಲೆಂದರಲ್ಲಿ ಬೆರಳು ಒತ್ತಿ, "ಟಿಂಗ್! ಎರಡು ಚಹಾ!" ಎಂದು ಕೂಗತೊಡಗಿದ. ಕರೆಪ್ಪನ ತಾಯಿ ಕಾಡವ್ವ ಎಲೆಯಡಿಕೆ ಜಗಿಯುತ್ತ, "ಮದವಿ ಇಲ್ಲ, ಸೂತಕ ಇಲ್ಲ. ಇದ್ದ ಮನಿ ಬಿಟ್ಟು ರೊಕ್ಕಾ ಕೊಟ್ಟು ಮಲಗಾಕ ಹೊಂಟಾರ ನೋಡ, ಶಾಣ್ಯಾರು," ಎಂದಳು. ಆದರೂ ಆಡು ಕಾಯಲು ತಾನಿದ್ದೇನೆ ಎಂದು ಒಪ್ಪಿಕೊಂಡಳು.

ರಾತ್ರಿಯ ಊಟದ ಹೊತ್ತಿಗೆ ದಿನವೂ ಅದೇ ಮಾತು. ಒಬ್ಬೊಬ್ಬರಿಗೆ ಒಂದೊಂದು ಆಸೆ ಎಂದು ಕರೆಪ್ಪ ಗೊತ್ತು ಮಾಡಿದ. ಪ್ರಮಿಳಾ ಲಿಫ್ಟು ಎಂದಳು. ಅಮರ ಬಾಲ್ಕನಿಯಲ್ಲಿ ಕೂತು ಸಿನಿಮಾ ಎಂದ. ಮಾಯಕ್ಕ ಏನೂ ಬೇಡ ಎಂದಳು. ಮಕ್ಕಳು ಬಿಡಲಿಲ್ಲ.

"ಬೆಳಿಗ್ಗೆ ಎದ್ದ ಕೂಡಲೆ ಯಾರರ ಒಂದ ಕಪ್ಪ ಚಹಾ ಕೈಯಾಗ ಕೊಟ್ರ ಸಾಕು," ಎಂದಳು ಕೊನೆಗೆ, ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ. "ಹಾಸಗ್ಯಾಗ ಕುಂತು ಕುಡೀತೀನಿ. ಒಮ್ಮೆ ಆದ್ರ ಸಾಕು."

ಹದಿನಾಲ್ಕು ವರ್ಷ ಸಂಸಾರ ಮಾಡಿದ ಹೆಂಡತಿಗೆ ಇಂಥದ್ದೊಂದು ಆಸೆ ಇದೆಯೆಂಬುದು ಕರೆಪ್ಪನಿಗೆ ಅಂದೇ ಗೊತ್ತಾದದ್ದು. ಅವನಿಗೆ ನಾಚಿಕೆಯಾಯಿತು, ನಿಜ ಹೇಳಬೇಕೆಂದರೆ ಸ್ವಲ್ಪ ಸಿಟ್ಟೂ ಬಂತು. ಹಾಗಾದರೆ ಮನೆಯಲ್ಲೇ ಒಂದು ದಿನ ಎದ್ದು ಚಹಾ ಕಾಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅವನಿಗೆ ಅದು ಹೊಳೆಯಲಿಲ್ಲ. ಗಂಡಸರಿಗೆ ಅಷ್ಟು ಹತ್ತಿರದ್ದು ಕಾಣುವುದಿಲ್ಲ.

"ನಿಂದೇನಪ್ಪಾ?" ಎಂದಳು ಪ್ರಮಿಳಾ.

"ನಂದಾ? ಖಡೇಬಜಾರದಾಗ ನಿಮ್ಮನ್ನ ಕರಕೊಂಡು ಕೈಬೀಸಿಕೊಂತ ಅಡ್ಡಾಡಬೇಕು. ಕೈಯಾಗ ಒಂದ ಚೀಲಾ ಇರಬಾರದು." ಅವನು ಬೆಳಗಾವಿಯ ಪೇಟೆಯಲ್ಲಿ ಎಂದೂ ಬರಿಗೈಯಲ್ಲಿ ನಡೆದವನಲ್ಲ.

ಮಾಯಕ್ಕ ಒಂದೇ ಕರಾರು ಹಾಕಿದಳು: ಖಾಸಬಾಗದ ಅಣ್ಣನಿಗೆ ಸುದ್ದಿ ಮುಟ್ಟಬಾರದು. ಅಣ್ಣ ಭರಮಪ್ಪ ಕಂಬಳಿ, ಗಾದಿಗಳ ಅಂಗಡಿ ಇಟ್ಟುಕೊಂಡವನು. ತಾಯಿ ತಂದೆ ಹೋದ ಮೇಲೆ ತಂಗಿಯನ್ನು ಸಾಕಿ, ಲಗ್ನ ಮಾಡಿಕೊಟ್ಟವನು. ಕೆಟ್ಟವನಲ್ಲ, ಅದೇ ತೊಂದರೆ. ಕೆಟ್ಟವನಾಗಿದ್ದರೆ ಇಲ್ಲ ಎನ್ನಬಹುದಿತ್ತು. ಅವನ ಮನೆಗೆ ಹೋಗಲು ದಾರಿ ಹತ್ತು, ಹೊರಗೆ ಬರಲು ಒಂದೂ ಇಲ್ಲ.

ಎಲ್ಲವೂ ಸರಿಯಾಗಿತ್ತು. ಹಲಸು ಒಂದು ಹಣ್ಣಾಗದೆ ಇದ್ದಿದ್ದರೆ!

ಹಿತ್ತಲಿನ ಆ ಮರ ಮಾಯಕ್ಕನ ತವರಿನದು. ಲಗ್ನದ ವರ್ಷ ಭರಮಪ್ಪನೇ ಸಸಿ ತಂದು ನೆಟ್ಟಿದ್ದ. ಅದು ಫಲ ಬಿಟ್ಟಾಗಿನಿಂದ ಆ ಮನೆಯಲ್ಲಿ ಒಂದು ರಿವಾಜು: ವರ್ಷದ ಮೊದಲ ಹಣ್ಣು ತವರಿಗೆ. ಅದು ಮುಟ್ಟದ ಹೊರತು ಮನೆಯವರು ಒಂದು ತೊಳೆ ಬಾಯಿಗಿಡುವುದಿಲ್ಲ. ಹೊರಡುವ ಮುನ್ನಾದಿನ ಕರೆಪ್ಪ ಮರದ ಕೆಳಗೆ ನಿಂತಾಗ ಘಮ್ಮೆಂದು ವಾಸನೆ ಬಂತು.

"ಈಗ ಬ್ಯಾಡ," ಎಂದಳು ಮಾಯಕ್ಕ. "ಬಂದ ಮ್ಯಾಲ ಕಂಡಕ್ಟರ ಕೈಯಾಗ ಕೊಟ್ಟ ಕಳಸೂಣು."

"ಅಲ್ಲಾ, ಹಣ್ಣ ಇಲ್ಲೇ ಇಟ್ಟು ನಾವ ಬೆಳಗಾವಿಗೆ ಹೋಗಿ ಬಂದ್ವಿ ಅಂತ ನಾಳೆ ಗೊತ್ತಾದ್ರ ನಿಮ್ಮಣ್ಣಗ ಹೆಂಗ ಮಾರಿ ತೋರಸ್ಲಿ? ನಾ ಒಬ್ಬನ ಹೋಗಿ ಬಾಗಲದಾಗ ಇಟ್ಟ ಓಡಿ ಬರ್ತೀನಿ."

"ನಮ್ಮಣ್ಣನ ಬಾಗಲದಾಗಿಂದ ಓಡಿ ಬಂದವರನ್ನ ನಾ ಇನ್ನೂ ನೋಡಿಲ್ಲ," ಎಂದಳು ಅವಳು. ಕರೆಪ್ಪ ನಕ್ಕ. ನಕ್ಕು ಹಣ್ಣು ಇಳಿಸಿದ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ.

ಮರುದಿನ ಹೊಸ ಫ್ರಾಕು, ಹೊಸ ಚಡ್ಡಿ, ಗೋಣಿಚೀಲದಲ್ಲಿ ಹಲಸು. ಜಾಂಬೋಟಿ, ಪೀರನವಾಡಿ ದಾಟಿ ಬಸ್ಸು ಬೆಳಗಾವಿ ಸೇರುವವರೆಗೂ ಅದರ ವಾಸನೆ ಬಸ್ಸಿನ ತುಂಬ. ಲಾಡ್ಜಿನ ಮ್ಯಾನೇಜರ್ ಮೂಗು ಎತ್ತಿ ಒಮ್ಮೆ ಚೀಲ, ಒಮ್ಮೆ ಕರೆಪ್ಪನ ಮುಖ ನೋಡಿದ. ಕೋಣೆ ಎರಡನೆಯ ಮಾಳಿಗೆಯಲ್ಲಿ. ಲಿಫ್ಟಿನ ಮುಂದೆ ನಾಲ್ವರೂ ನಿಂತರು. ನಡೆಸುವವನು ಚಹಾ ಕುಡಿಯಲು ಹೋಗಿದ್ದ. ಒಳಗೆ ಸಿಕ್ಕಿಕೊಂಡರೆ ಏನು ಗತಿ ಎಂದು ಕರೆಪ್ಪನಿಗೆ ಅಳುಕು.

"ಈಗ ಪಾವಟಿಗಿ ಹತ್ತೂಣು," ಎಂದ ಮಗಳಿಗೆ. "ನಾ ಹಣ್ಣ ಕೊಟ್ಟ ಬರ್ತೀನಿ. ಬಂದ ಮ್ಯಾಲ ಎಲ್ಲಾರೂ ಕೂಡೇ ಲಿಫ್ಟಿನ್ಯಾಗ ಇಳಿಯೂಣು, ಹತ್ತೂಣು, ಇಳಿಯೂಣು. ಸಾಕ ಸಾಕ ಅನ್ನೂ ಮಟಾ. ಅಲ್ಲಿ ತನಕ ನೀವ ಮುಟ್ಟಬ್ಯಾಡ್ರಿ."

"ಹೂಂ," ಎಂದಳು ಪ್ರಮಿಳಾ.

ಕೋಣೆಯಲ್ಲಿ ಬಿಳಿ ಚಾದರ ಇತ್ತು, ಅವನು ಹೇಳಿದಂತೆಯೇ. ಗೋಡೆಗೆ ಗುಂಡಿ ಇತ್ತು. ಬಚ್ಚಲಿನ ಹಲಗೆಯ ಮೇಲೆ ಕಾಗದ ಸುತ್ತಿದ, ಬೆಂಕಿಪೆಟ್ಟಿಗೆಗಿಂತ ಸಣ್ಣ ಸಾಬೂನು ಇತ್ತು. ಮಾಯಕ್ಕ ಹಾಸಿಗೆಯ ಅಂಚಿಗೆ ಕೂತಳು, ಪೂರ್ತಿ ಕೂರಲು ಧೈರ್ಯ ಬರದೆ. ಅವಳ ಮುಖದಲ್ಲಿ ಒಂದು ಬೆಳಕಿತ್ತು. ಲಗ್ನದ ಫೋಟೋದಲ್ಲಿ ಅಂಥದ್ದೇ ಇತ್ತೆಂದು ಕರೆಪ್ಪನಿಗೆ ನೆನಪಾಯಿತು. ಅವನು ಹಲಸು ಹೊತ್ತುಕೊಂಡು ಮೆಟ್ಟಿಲು ಇಳಿದ.

ಖಾಸಬಾಗದಲ್ಲಿ ಬಾಗಿಲಲ್ಲಿ ಹಣ್ಣು ಇಡುವ ಮೊದಲೇ ಭರಮಪ್ಪ ಅಂಗಡಿಯಿಂದ ನೋಡಿದ. ತಬ್ಬಿಕೊಂಡ, ನೀರು ಕೊಡಿಸಿದ, "ಒಬ್ಬನ ಬಂದ್ಯಾ? ತಂಗಿ ಎಲ್ಲಿ? ಮಕ್ಕಳೆಲ್ಲಿ?" ಎಂದ. ಕರೆಪ್ಪನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಊರಲ್ಲಿದ್ದಾರೆ ಎಂದು ಒಂದು ಮಾತು ಅಂದಿದ್ದರೆ ಮುಗಿದಿತ್ತು. ಅವನು ತಡವರಿಸಿದ. ಭರಮಪ್ಪ ಅವನ ಹೊಸ ಅಂಗಿ ನೋಡಿದ, ಕಾಲಿನ ಹೊಸ ಚಪ್ಪಲಿ ನೋಡಿದ. ಎರಡು ಮಾತಿನಲ್ಲಿ ಲಾಡ್ಜು ಹೊರಗೆ ಬಂತು.

ಭರಮಪ್ಪ ಸಿಟ್ಟಾಗಲಿಲ್ಲ. ಅಂಗಡಿಯ ಬಾಗಿಲು ಎಳೆದು, ರಿಕ್ಷಾ ಕರೆದು, ಲಾಡ್ಜಿನ ಕೋಣೆಗೆ ಬಂದು ಹೊಸ್ತಿಲಲ್ಲೇ ನಿಂತ. ಅವನ ಕಣ್ಣಲ್ಲಿ ನೀರು ಬಂದಿತ್ತು.

"ಯವ್ವಾ ಮಾಯಕ್ಕಾ, ನಾ ಇನ್ನೂ ಸತ್ತಿಲ್ಲವಾ. ನನ್ನ ತಂಗಿ ಇದ ಊರಾಗ ರೊಕ್ಕಾ ಕೊಟ್ಟು ಮಲಗತಾಳ ಅಂದ್ರ ಓಣ್ಯಾಗ ನಾ ತಲಿ ಎತ್ತಿ ತಿರಗಲೇನು? ಏನ ತಪ್ಪ ಮಾಡೀನಿ ಹೇಳ."

ಮಾಯಕ್ಕ ಎದ್ದು ನಿಂತಳು. ಗಂಡನ ಮುಖ ನೋಡಿದಳು. ಪ್ರಮಿಳಾ ಕೂಡ ಅಪ್ಪನನ್ನೇ ನೋಡಿದಳು. ಅಮರನ ಬೆರಳು ಗೋಡೆಯ ಗುಂಡಿಯ ಹತ್ತಿರ ಹೋಗಿ ನಿಂತಿತ್ತು. ಈ ಸಲ ಮಕ್ಕಳ ಆಸೆ ಅಣ್ಣಾ, ನಾಡಿದ್ದು ಬಂದು ಊಟ ಮಾಡಿ ಹೋಗುತ್ತೇವೆ, ಎಂದು ಕರೆಪ್ಪ ಹೇಳಬಹುದಿತ್ತು. ಭರಮಪ್ಪ ಒಂದು ದಿನ ಮುಖ ಊದಿಸಿಕೊಳ್ಳುತ್ತಿದ್ದ, ಹಬ್ಬದ ಹೊತ್ತಿಗೆ ಮರೆಯುತ್ತಿದ್ದ. ಆಮೇಲೆ ವರ್ಷಗಟ್ಟಲೆ ನಾಕಾದಲ್ಲಿ ಒಬ್ಬನೇ ನಿಂತಾಗ ಆ ಮಾತನ್ನು ಅವನು ಬಾಯಿಬಿಟ್ಟು ಹೇಳಿಕೊಂಡದ್ದುಂಟು, ಎಷ್ಟು ಸಲೀಸಾದ ಮಾತು ಎಂದು ತನಗೆ ತಾನೇ ಬೈದುಕೊಂಡದ್ದುಂಟು. ಆದರೆ ಆ ದಿನ ಅವನು ಮಾಡಿದ್ದು ಇಷ್ಟೇ: ಬಗ್ಗಿ, ಎಲ್ಲರಿಗಿಂತ ಮೊದಲು ತಾನೇ ಚೀಲ ಎತ್ತಿಕೊಂಡ.

ಕೆಳಗೆ ಭರಮಪ್ಪ ಮ್ಯಾನೇಜರನ ಜೊತೆ ಜಗಳ ಮಾಡಿ ಕೊಟ್ಟ ಹಣ ವಾಪಸು ಕೊಡಿಸಿದ, ಗೆದ್ದವನ ಹಾಗೆ ನಕ್ಕ. ಲಿಫ್ಟಿನವನು ಚಹಾ ಮುಗಿಸಿ ಬಂದು ಸ್ಟೂಲಿನ ಮೇಲೆ ಕೂತಿದ್ದ. ರಿಕ್ಷಾ ಕಾಯುತ್ತಿದೆ, ನಡೀರಿ ನಡೀರಿ ಎಂದು ಭರಮಪ್ಪ ಅವಸರ ಮಾಡಿದ. ಪ್ರಮಿಳಾ ಲಿಫ್ಟಿನ ಜಾಳಿಗೆಯನ್ನು ಬೆರಳಿನಿಂದ ಒಮ್ಮೆ ಮುಟ್ಟಿ ರಿಕ್ಷಾ ಹತ್ತಿದಳು.

ಖಾಸಬಾಗದಲ್ಲಿ ಏನು ಕಡಿಮೆಯಾಯಿತು ಎಂದು ಕೇಳಿದರೆ, ಏನೂ ಇಲ್ಲ. ಭರಮಪ್ಪನ ಹೆಂಡತಿ ರೇಣವ್ವ ಹೋಳಿಗೆ ಮಾಡಿದಳು. ಹಲಸು ಬಿಡಿಸಿ ಓಣಿಗೆಲ್ಲ ಹಂಚಿದರು. ಅದರ ಮೇಣ ಪ್ರಮಿಳಾಳ ಹೊಸ ಫ್ರಾಕಿಗೆ ಹತ್ತಿ, ಎಣ್ಣೆ ಹಚ್ಚಿ ಉಜ್ಜಿದರೂ ಹೋಗಲಿಲ್ಲ. ಬೆಳಿಗ್ಗೆ ನಳದ ನೀರು ಬಂತೆಂದು ರೇಣವ್ವ ಎಲ್ಲರಿಗಿಂತ ಮೊದಲು ಎದ್ದಳು, ಅತ್ತಿಗೆ ಎದ್ದ ಮೇಲೆ ನಾದಿನಿ ಮಲಗುವುದುಂಟೇ? ಮಾಯಕ್ಕ ಎದ್ದು ಒಲೆ ಹಚ್ಚಿ ಹನ್ನೊಂದು ಮಂದಿಗೆ ಚಹಾ ಕಾಸಿದಳು. ಕರೆಪ್ಪನಿಗೆ ಅವಳೇ ತಂದುಕೊಟ್ಟಳು, ಹಾಸಿಗೆಯ ಹತ್ತಿರಕ್ಕೆ. ಅವನು ಕಪ್ಪು ತೆಗೆದುಕೊಂಡ. ಅವಳ ಮುಖ ನೋಡಲು ಆಗಲಿಲ್ಲ.

ಸಿನಿಮಾಕ್ಕೆ ಅಂದೇ ಎಲ್ಲರೂ ಕೂಡಿ ಹೋಗೋಣ ಎಂದ ಭರಮಪ್ಪ. ಅಷ್ಟರಲ್ಲಿ ಪೀರನವಾಡಿಯಲ್ಲಿದ್ದ ಮಾಯಕ್ಕನ ಚಿಗವ್ವನಿಗೆ ಸುದ್ದಿ ಮುಟ್ಟಿತು. ಖಾಸಬಾಗಕ್ಕೆ ಬಂದವರು ಪೀರನವಾಡಿಗೆ ಬಾರದೆ ಹೋದರೆ ಆಕೆಯ ಕತೆಯೇನು? ಆ ಇಡೀ ದಿನ ಅಲ್ಲಿ. ಉಂಡರು, ಉಡಿ ತುಂಬಿಸಿಕೊಂಡರು, ಯಾರ ಮಗಳಿಗೆ ಎಲ್ಲಿ ವರ ಎಂದು ಕೇಳಿದರು. ಅಮರ ಗೋಡೆಗೊರಗಿ ನಿದ್ದೆ ಹೋದ. ಸಂಜೆ ಖಾಸಬಾಗಕ್ಕೆ ಮರಳಿದ ಮೇಲೆ ರೇಣವ್ವ, "ಅಣ್ಣಾರ, ಹೆಂಗೂ ಪ್ಯಾಟಿ ಕಡೆ ಹೊಂಟೀರಲ್ಲಾ, ಬರೂ ಮುಂದ ಇಷ್ಟ ಕಾಯಿಪಲ್ಯಾ ತರ್ರಿ," ಎಂದು ಕರೆಪ್ಪನ ಕೈಗೆ ಎರಡು ಚೀಲ ಕೊಟ್ಟಳು. ಅವನು ಮಗಳನ್ನು ಮಾತ್ರ ಕರೆದುಕೊಂಡು ಖಡೇಬಜಾರಕ್ಕೆ ಹೋದ. ಎರಡು ಕೈಯಲ್ಲಿ ಎರಡು ಚೀಲ. ಐಸ್‌ಕ್ರೀಮ್ ತಿಂತೀಯೇನು ಎಂದು ಕೇಳಿದ. ಪ್ರಮಿಳಾ ಬೇಡ ಎಂದಳು, "ನಿನ್ನ ಕೈ ಖಾಲಿ ಇಲ್ಲಲ್ಲಪ್ಪಾ, ಕೊಡ ಒಂದ ಚೀಲಾ ನಾ ಹಿಡೀತೀನಿ," ಎಂದು ಒಂದನ್ನು ಕಿತ್ತುಕೊಂಡಳು.

ಮೂರನೆಯ ದಿನ ಭರಮಪ್ಪ ಬಸ್ಸಿನವರೆಗೂ ಬಂದು, ಮಕ್ಕಳ ಕೈಗೆ ಕುಂದಾ ಪೊಟ್ಟಣ ಕೊಟ್ಟು, ಕಣ್ಣೊರೆಸಿಕೊಂಡ. "ಮುಂದಿನ ಸಲ ಬರೂದಿದ್ರ ಸೀದಾ ಮನೀಗೇ ಬರ್ರಿ ಮತ್ತ," ಎಂದ. ಅವನ ಪ್ರೀತಿಯಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಲಾಡ್ಜು ಕಾಣಿಸುವಲ್ಲಿ ಬಸ್ಸು ತಿರುಗಿದಾಗ ನಾಲ್ವರಲ್ಲಿ ಯಾರೂ ಅತ್ತ ನೋಡಲಿಲ್ಲ.

ದಾರಿಯುದ್ದಕ್ಕೂ ಕರೆಪ್ಪ ಬೈಗುಳಕ್ಕೆ ಕಾದ. ಹೆಂಡತಿ ಬೈಯಬಹುದು, ಮಕ್ಕಳು ಅಳಬಹುದು, ಅತ್ತರೆ ಸಮಾಧಾನ ಮಾಡಿ ತಾನೂ ಹಗುರಾಗಬಹುದು ಎಂದುಕೊಂಡಿದ್ದ. ಯಾರೂ ಅಳಲಿಲ್ಲ. ಮಾಯಕ್ಕ, "ಆಡಿಗೆ ಸೊಪ್ಪ ಹಾಕಿರ್ತಾಳೋ ಇಲ್ಲೋ ಅತ್ತಿ," ಎಂದಳು, ಅಷ್ಟೇ.

ಮನೆ ಮುಟ್ಟಿದಾಗ ಸಂಜೆಯಾಗಿತ್ತು. ಜಗಲಿಯ ಮೇಲೆ ಕಾಡವ್ವನ ಸುತ್ತ ಓಣಿಯ ಮಕ್ಕಳೆಲ್ಲ ಜಮಾಯಿಸಿದ್ದರು. ಹೋಗುವ ಮೊದಲು ಅಮರ ಲಾಡ್ಜಿನ ಸುದ್ದಿ ಊರೆಲ್ಲ ಸಾರಿದ್ದನಲ್ಲ. ಹೆಂಗಿತ್ತು, ಹೆಂಗಿತ್ತು ಎಂದು ಒಂದೇ ಗದ್ದಲ. ಅಮರ ಅಪ್ಪನ ಕಡೆ ನೋಡಿದ. ಕರೆಪ್ಪ ಕಂಬಕ್ಕೊರಗಿ ನಿಂತ. ಈಗ ಊರ ಮುಂದೆ ತನ್ನ ಮಾನ ಹೋಯಿತು ಎಂದುಕೊಂಡ. ಹೋಗಲಿ, ಹೋಗಬೇಕಾದದ್ದೇ.

ಆಗ ಪ್ರಮಿಳಾ ಮುಂದೆ ಬಂದು ಅಜ್ಜಿಯ ಪಕ್ಕದಲ್ಲಿ ಕೂತಳು. ಫ್ರಾಕಿನ ಕಿಸೆಯಿಂದ ಕಾಗದ ಸುತ್ತಿದ ಆ ಸಣ್ಣ ಸಾಬೂನು ತೆಗೆದು ಅಜ್ಜಿಯ ಅಂಗೈಯಲ್ಲಿ ಇಟ್ಟಳು. ಯಾವಾಗ ತೆಗೆದುಕೊಂಡಿದ್ದಳೋ ಯಾರಿಗೂ ಗೊತ್ತಿರಲಿಲ್ಲ.

"ಲಾಡ್ಜಿಂದು, ಯಮ್ಮಾ. ದಿನಾ ಹೊಸಾದ ಕೊಡತಾರ," ಎಂದಳು. "ಎರಡ ರಾತ್ರಿ ಇದ್ವಿ. ಚಾದರ ಹಾಲಿನಂಗ ಬೆಳ್ಳಗ ಇತ್ತು. ಲಿಫ್ಟಿನ್ಯಾಗ ಹತ್ತಿದ್ವಿ, ಇಳದ್ವಿ, ಹತ್ತಿದ್ವಿ. ಮ್ಯಾಲ ಹೋಗುಮುಂದ ಹೊಟ್ಟ್ಯಾಗ ಗುಳುಗುಳು ಅಂತೈತಿ. ಅಪ್ಪ ಸಾಕ ಸಾಕ ಅನ್ನೂ ಮಟಾ ಕರಕೊಂಡು ಹೋದ." ಅವಳು ತಲೆ ಎತ್ತಿದಳು. "ಹೌದಲ್ಲಪ್ಪಾ?"

ಎಲ್ಲರೂ ಕರೆಪ್ಪನನ್ನು ನೋಡಿದರು. ಲಿಫ್ಟಿನಲ್ಲಿ ಹೊಟ್ಟೆ ಏನೆನ್ನುತ್ತದೋ ಅವನಿಗೂ ಗೊತ್ತಿರಲಿಲ್ಲ.

"ಹೌದವಾ," ಎಂದ.

"ಸಿನಿಮಾನೂ ನೋಡಿದ್ವಿ," ಎಂದ ಅಮರ ಮೆಲ್ಲಗೆ. "ಬಾಲ್ಕನ್ಯಾಗ."

"ನಿಮ್ಮವ್ವಾ?" ಎಂದು ಮಕ್ಕಳನ್ನು ಕೇಳಿ, ಕಾಡವ್ವ ಒಳಗೆ ಕೂಗಿದಳು. "ನೀ ಏನ ಮಾಡಿದಿ ಮಾಯಕ್ಕಾ?"

ಒಲೆಯ ಮುಂದೆ ಆಗಲೇ ಹಿಟ್ಟು ನಾದುತ್ತಿದ್ದ ಮಾಯಕ್ಕ ಬೆರಳಿಗೆ ಹತ್ತಿದ ಹಿಟ್ಟು ಬಿಡಿಸಿದಳು.

"ಚಹಾ ಕೋಣಿಗೇ ತಂದ ಕೊಡತಿದ್ರು ಅತ್ತೀ," ಎಂಬ ಅವಳ ದನಿ ಬಂತು. "ಹಾಸಗ್ಯಾಗ ಕುಂತ ಕುಡದೆ."

ಕಾಡವ್ವ ಸಾಬೂನು ಮೂಸಿ ನೋಡಿ ತಲೆದೂಗಿದಳು. ಹಗಲೆಲ್ಲ ಒಬ್ಬಳೇ ಆಡು ಕಾದು ದಣಿದಿದ್ದ ಮುದುಕಿಗೆ ತನಗೇ ಹೋಗಿಬಂದಷ್ಟು ಸಂತೋಷವಾಗಿತ್ತು. "ಛಲೋ ಆತು ಬಿಡ. ನಾ ಸುಳ್ಳೇ ಆಡಿಕೊಂಡೆ. ಮತ್ತ ಯಾವಾಗ ಕರಕೊಂಡು ಹೋಗ್ತೀಯೋ ಕರೆಪ್ಪಾ?"

"ಮುಂದಿನ ವರ್ಷ ಹೋಗೂಣು," ಎಂದ ಕರೆಪ್ಪ. ಮಗಳ ಕಡೆ ನೋಡಿಯೇ ಅಂದ, ಅಂದು ಕಾದ.

"ಹೂಂ, ಹೋಗೂಣಪ್ಪಾ," ಎಂದಳು ಪ್ರಮಿಳಾ. ಸಣ್ಣ ಮಕ್ಕಳು ಏನಾದರೂ ಹೇಳಿದಾಗ ದೊಡ್ಡವರು ಅವರ ಮನಸ್ಸು ನೋಯದಿರಲೆಂದು ತಲೆಯಾಡಿಸುತ್ತಾರಲ್ಲ, ಹಾಗೆ ತಲೆಯಾಡಿಸಿ, ಅಜ್ಜಿಯ ಕೈಯಿಂದ ಸಾಬೂನು ತೆಗೆದುಕೊಂಡು, ಅವ್ವನ ಜೊತೆ ರೊಟ್ಟಿ ಬೇಯಿಸಲು ಒಳಗೆ ಹೋದಳು.